ಮೊದಲು ಯೂನಿಟ್ ಕೇಳಿಕೊಳ್ಳಿ

ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಗೆ ಬಂದು ಪರೇಲಿನ ಕೆಇಎಂ ಆಸ್ಪತ್ರೆಗೆ ಹೋಗುವವರು, ಮತ್ಸ್ಯಗಂಧದಲ್ಲಿ ಕುರ್ಲಾಕ್ಕೆ ಬಂದಿಳಿದು ಸಯನ್ ಆಸ್ಪತ್ರೆ ಹುಡುಕುವ ಕರಾವಳಿಯವರು, ಧಾರಾವಿಯಲ್ಲೇ ಮನೆ ಮಾಡಿಕೊಂಡಿರುವ ನಮ್ಮ ಉತ್ತರ ಕರ್ನಾಟಕದ ಮಂದಿ, ಎಲ್ಲರೂ ಎಡವುವುದು ಒಂದೇ ಕಡೆ. ಕೈಯಲ್ಲಿ ಕೇಸ್ ಪೇಪರ್ ಇರುತ್ತದೆ, ಎಕ್ಸ್‌ರೇ ಇರುತ್ತದೆ. ‘ಕುಠಲಾ ಯೂನಿಟ್?’ (ಯಾವ ಯೂನಿಟ್?) ಅಂತ ಸಿಸ್ಟರ್ ಮರಾಠಿಯಲ್ಲಿ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಮೆಡಿಸಿನ್, ಸರ್ಜರಿ, ಮೂಳೆ ವಿಭಾಗ ಎಂಬುದೆಲ್ಲ ಬೋರ್ಡಿನ ಮೇಲಿನ ಹೆಸರು. ಒಳಗೆ ಒಂದೊಂದು ವಿಭಾಗವೂ ಹಲವು ಯೂನಿಟ್‌ಗಳಾಗಿ ಹಂಚಿಹೋಗಿರುತ್ತದೆ. ಪ್ರತಿ ಯೂನಿಟ್‌ಗೂ ಒಬ್ಬ ಹಿರಿಯ ಪ್ರಾಧ್ಯಾಪಕರು, ಅವರ ಕೈಕೆಳಗಿನ ಡಾಕ್ಟರುಗಳು, ಅವರದೇ ಹಾಸಿಗೆಗಳು. ವಾರದಲ್ಲಿ ಓಪಿಡಿಗೆ (ಹೊರರೋಗಿಗಳನ್ನು ನೋಡುವುದಕ್ಕೆ) ಇಂಥ ದಿನ, ಆಪರೇಷನ್‌ಗೆ ಇಂಥ ದಿನ, ಎಮರ್ಜೆನ್ಸಿಗೆ ಇಂಥ ದಿನ ಎಂದು ಗೊತ್ತುಮಾಡಿರುತ್ತಾರೆ. ಎಮರ್ಜೆನ್ಸಿ ದಿನ ಆ ವಿಭಾಗಕ್ಕೆ ತುರ್ತಾಗಿ ಬಂದವರೆಲ್ಲ ಆ ಯೂನಿಟ್‌ಗೇ ಸೇರುತ್ತಾರೆ. ಸೋಮವಾರದ ಯೂನಿಟ್‌ನಲ್ಲಿ ಆಪರೇಷನ್ ಆದವರು ಬುಧವಾರ ಹೊಲಿಗೆ ತೋರಿಸಲು ಬಂದರೆ ಅವತ್ತು ಕೂತಿರುವುದು ಬೇರೆ ತಂಡ. ಅವರು ಹೊಟ್ಟೆಯೊಳಗೆ ನೋಡಿದವರಲ್ಲ. ಒಂದೋ ‘ನಿಮ್ಮ ಯೂನಿಟ್ ದಿನ ಬನ್ನಿ’ ಅನ್ನುತ್ತಾರೆ, ಇಲ್ಲವೇ ಮೊದಲಿಂದ ಎಲ್ಲ ಕೇಳಿ ಹೊಸ ಪರೀಕ್ಷೆ ಬರೆಯುತ್ತಾರೆ. ಎರಡರಲ್ಲೂ ನಿಮ್ಮ ಒಂದು ದಿನ ಹೋಯಿತು. ಜ್ವರ, ರಕ್ತಸ್ರಾವ, ಹೊಲಿಗೆ ಬಿಚ್ಚಿಕೊಂಡದ್ದು ಇದ್ದರೆ ಮಾತ್ರ ದಿನ ನೋಡುತ್ತ ಕೂರಬಾರದು, ನೇರ ಕ್ಯಾಶುವಾಲ್ಟಿಗೇ ಹೋಗಬೇಕು.

ಈ ವ್ಯವಸ್ಥೆ ರೋಗಿಯ ಅನುಕೂಲಕ್ಕಷ್ಟೇ ಹುಟ್ಟಿದ್ದಲ್ಲ, ಪಾಠಕ್ಕಾಗಿಯೂ ಹುಟ್ಟಿದ್ದು. ಮುಂಬಯಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳೆಲ್ಲ ಕಾಲೇಜುಗಳೂ ಹೌದು. ನಾಯರ್ ಆಸ್ಪತ್ರೆಯ ಟೋಪಿವಾಲಾ ನ್ಯಾಷನಲ್ ಕಾಲೇಜು 1921ರದು, ಕೆಇಎಂನ ಸೇಠ್ ಜಿ.ಎಸ್. ಕಾಲೇಜು 1926ರದು, ಸಯನ್‌ನದು 1964ರದು, ಕೂಪರ್‌ನದು 2015ರದು. ಈ ನಾಲ್ಕೂ ಮಹಾನಗರಪಾಲಿಕೆಯವು. ಜೆ.ಜೆ. ಆಸ್ಪತ್ರೆ ಮತ್ತು ಅದರ ಗ್ರಾಂಟ್ ಕಾಲೇಜು (1845) ರಾಜ್ಯ ಸರ್ಕಾರದವು. ಕೆಇಎಂ ಎದುರಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಅಡಿ ಬರುತ್ತದೆ. ಹೊರಗಿನಿಂದ ಎಲ್ಲವೂ ‘ಸರ್ಕಾರಿ ದವಾಖಾನೆ’. ಆದರೆ ಒಂದರ ಕಾಗದ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ, ಹೊತ್ತೊಯ್ಯುವುದು ನಿಮ್ಮದೇ ಕೆಲಸ. ಹರ್ನಿಯಾಕ್ಕೋ ಸಾಮಾನ್ಯ ಹೆರಿಗೆಗೋ ಪರೇಲ್ ತನಕ ಬರಲೇಬೇಕೆಂದೂ ಇಲ್ಲ. ಘಾಟ್‌ಕೋಪರಿನ ರಾಜಾವಾಡಿ, ಬಾಂದ್ರಾದ ಭಾಭಾ, ಸಾಂತಾಕ್ರೂಜ್‌ನ ವಿ.ಎನ್. ದೇಸಾಯಿ ಇರುವುದು ಇಂಥವಕ್ಕೇ. ಅಲ್ಲಿ ಆಗದ್ದಕ್ಕೆ ಅವರೇ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಯಾರನ್ನು ಏನು ಕೇಳಬೇಕು ಎಂಬುದಕ್ಕೂ ಯೂನಿಟ್ಟೇ ಉತ್ತರ. ಎಂಬಿಬಿಎಸ್ ಮುಗಿಸಿ ಒಂದು ವರ್ಷ ಇಂಟರ್ನ್ ಆಗಿರುವವರು ಇಂಜೆಕ್ಷನ್, ಡ್ರೆಸ್ಸಿಂಗ್, ರಕ್ತ ತೆಗೆಯುವುದು ಮಾಡುತ್ತಾರೆ, ಮತ್ತೆ ಬೇರೆ ವಿಭಾಗಕ್ಕೆ ಹೋಗುತ್ತಾರೆ. ಎಂಡಿ, ಎಂಎಸ್ ಮೂರು ವರ್ಷದ ಓದು. ಅದರ ಮೊದಲ ವರ್ಷದವರನ್ನು ಮುಂಬಯಿಯಲ್ಲಿ ಇವತ್ತಿಗೂ ‘ಹೌಸ್‌ಮನ್’ ಅನ್ನುವ ರೂಢಿ ಉಂಟು, ಹೆಣ್ಣುಮಕ್ಕಳಿದ್ದರೂ ಅದೇ ಹೆಸರು. ಯಾವ ರಿಪೋರ್ಟ್ ಬಂತು, ಯಾವುದು ಬಾಕಿ ಎಂಬುದು ಹೌಸ್‌ಮನ್‌ಗೆ ಗೊತ್ತಿರುವಷ್ಟು ಪ್ರಾಧ್ಯಾಪಕರಿಗೂ ಗೊತ್ತಿರುವುದಿಲ್ಲ. ಆಪರೇಷನ್ ಮಾಡುವುದೋ ಬಿಡುವುದೋ, ಮನೆಗೆ ಯಾವಾಗ ಎಂಬ ತೀರ್ಮಾನಕ್ಕೆ ಹೌಸ್‌ಮನ್‌ಗಿಂತ ಹಿರಿಯರಾದ ರಿಜಿಸ್ಟ್ರಾರ್ ಅಥವಾ ಅದಕ್ಕೂ ಮೇಲಿನವರನ್ನು ಕೇಳಬೇಕು. ಮಾತ್ರೆಯ ಹೊತ್ತು, ಊಟದ ಪಥ್ಯ, ಪೈಪಿನಲ್ಲಿ ಎಷ್ಟು ಮೂತ್ರ ಬಂತು ಎಂಬುದೆಲ್ಲ ಸಿಸ್ಟರ್ ಹತ್ತಿರ. ಗಾಲಿಕುರ್ಚಿಗೆ ವಾರ್ಡ್‌ಬಾಯ್ ‘ಮಾಮಾ’, ಬೆಡ್‌ಪ್ಯಾನ್‌ಗೆ ಆಯಾ ‘ಮಾವಶಿ’. ಹಾಗೆ ಕರೆದರೇ ಕೆಲಸ ಬೇಗ ಆಗುತ್ತದೆ.

ಕೇಳುವ ಹೊತ್ತೂ ಮುಖ್ಯ. ಈ ಹೌಸ್‌ಮನ್, ರಿಜಿಸ್ಟ್ರಾರ್‌ಗಳಂಥ ರೆಸಿಡೆಂಟ್ ಡಾಕ್ಟರುಗಳ ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಆದೇಶ ಹೊರಡಿಸಿದೆ. ವಾರ್ಡಿನಲ್ಲಿ ಅದು ಕಾಗದವಾಗಿಯೇ ಉಳಿದಿದೆ. ಎಮರ್ಜೆನ್ಸಿ ದಿನ ಬೆಳಿಗ್ಗೆ ಶುರುವಾದವರು ರಾತ್ರಿ ಎದ್ದಿದ್ದು ಮರುದಿನ ರೌಂಡೂ ಮುಗಿಸಬೇಕು. ಆ ಮರುದಿನ ಮಧ್ಯಾಹ್ನ ಹೋಗಿ ‘ಒಟ್ಟು ಏನಾಗಿದೆ, ಬಿಡಿಸಿ ಹೇಳಿ’ ಅಂದರೆ ಸಿಗುವ ಉತ್ತರ ಅರ್ಧ ಸಾಲಿನದು. ಅದಕ್ಕೂ ಮಾರನೆಯ ದಿನ ರೌಂಡ್ ಮುಗಿದ ಮೇಲೆ ಮನೆಯವರ ಪರವಾಗಿ ಒಬ್ಬರೇ ಹೋಗಿ, ಪ್ರಶ್ನೆ ಬರೆದುಕೊಂಡು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ದಿನಕ್ಕೊಬ್ಬ ನೆಂಟ ಹೋಗಿ ಅದನ್ನೇ ಕೇಳುವುದು ಇಬ್ಬರಿಗೂ ನಷ್ಟ.

ಭಾಷೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮವರ ಪರವಾಗಿ ಹಿಂದಿ ಆಡುವ ಪಕ್ಕದ ಮನೆಯ ಹುಡುಗ ಎಲ್ಲವನ್ನೂ ‘ಚಕ್ಕರ್’ (ತಲೆಸುತ್ತು) ಮತ್ತು ‘ದರ್ದ್’ (ನೋವು) ಎರಡೇ ಮಾತಿಗೆ ಇಳಿಸಿಬಿಡುತ್ತಾನೆ. ಕೋಣೆಯೇ ಗಿರ್ರನೆ ತಿರುಗಿದಂತಾಗುವುದು ಬೇರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಬೇರೆ. ಮೊದಲನೆಯದಕ್ಕೆ ಡಾಕ್ಟರು ಕಿವಿಯ ಕಡೆ ಯೋಚಿಸುತ್ತಾರೆ, ಎರಡನೆಯದಕ್ಕೆ ಬಿಪಿ, ಹೃದಯ, ರಕ್ತಹೀನತೆಯ ಕಡೆ. ‘ಎದಿ ಒತ್ತಿದಂಗ ಆಗತದ’ ಅನ್ನುವ ಅಜ್ಜಿಯ ಮಾತು ‘ಛಾತಿ ಮೇ ದರ್ದ್’ ಆದಾಗ, ಇಸಿಜಿ ತೆಗೆಯಲು ಅವಸರ ಹುಟ್ಟಿಸಬೇಕಾದ ‘ಒತ್ತು’ ಎಂಬ ಪದವೇ ಬಿದ್ದುಹೋಗುತ್ತದೆ. ಭಾಷಾಂತರಿಸುವವರು ಅಜ್ಜಿ ಕೈಯಿಂದ ಮಾಡಿ ತೋರಿಸಿದ್ದನ್ನು ತಾವೂ ಮಾಡಿ ತೋರಿಸಲಿ, ಅದು ಹಿಂದಿಗಿಂತ ಮೇಲು. ಮರಾಠಿಯಲ್ಲಿ ಕಿವಿಗೆ ಬೀಳುವ ‘ಉಪಾಶೀ ಪೋಟೀ’ ಅಂದರೆ ಖಾಲಿ ಹೊಟ್ಟೆ. ಅದು ತಿಳಿಯದೆ ಚಹಾ ಕುಡಿದು ಬಂದರೆ ಅವತ್ತಿನ ಸೋನೋಗ್ರಫಿ, ಫಾಸ್ಟಿಂಗ್ ಶುಗರ್ ಎರಡೂ ತಪ್ಪುತ್ತವೆ. ‘ಧಾಪ’ ಅಂದರೆ ಏದುಸಿರು, ‘ಲಘವೀ’ ಅಂದರೆ ಮೂತ್ರ.

ಸಿಬ್ಬಂದಿ ಕಡಿಮೆ ಇರುವಲ್ಲಿ ರಕ್ತದ ಟ್ಯೂಬ್ ಹಿಡಿದು ಲ್ಯಾಬಿಗೆ ಓಡುವುದು ರೋಗಿಯ ಮನೆಯವರೇ. ಇದು ಸರಿಯಲ್ಲ, ಆದರೆ ನಡೆಯುತ್ತಿರುವುದು ಹೀಗೆ. ಹಾಗಾಗಿ ನಾಲ್ಕು ಸಂಗತಿ ತಿಳಿದಿರಲಿ. ನೇರಳೆ ಮುಚ್ಚಳದ್ದು ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಗೆ. ರಕ್ತ ಹಾಕಿದೊಡನೆ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡದಿದ್ದರೆ ಒಳಗೆ ಗಡ್ಡೆ ಕಟ್ಟಿ ಪ್ಲೇಟ್‌ಲೆಟ್ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ. ನೀಲಿ ಮುಚ್ಚಳದ್ದು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ಅದರಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವದ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಇರಬೇಕು, ಗೆರೆಯವರೆಗೆ ತುಂಬದಿದ್ದರೆ ಐಎನ್‌ಆರ್ (ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಲೆಕ್ಕ) ಹೆಚ್ಚು ತೋರಿಸುತ್ತದೆ, ಲ್ಯಾಬ್ ವಾಪಸ್ ಕಳಿಸುತ್ತದೆ. ಬೂದು ಬಣ್ಣದ್ದು ಶುಗರ್‌ಗೆ. ಯಾವುದನ್ನೂ ಗಡಗಡ ಕುಲುಕಬಾರದು. ರಕ್ತಕಣ ಒಡೆದರೆ ಪೊಟ್ಯಾಶಿಯಂ ಇಲ್ಲದ್ದು ಇದ್ದಂತೆ ಏರುತ್ತದೆ, ಅದನ್ನು ನಂಬಿ ಯಾರಾದರೂ ಇಂಜೆಕ್ಷನ್ ಕೊಡಲೂಬಹುದು. ಸಲೈನ್ ಹರಿಯುತ್ತಿರುವ ಕೈಯಿಂದ ಸಲೈನಿನ ಮೇಲುಗಡೆ ರಕ್ತ ತೆಗೆದರೂ ಲೆಕ್ಕ ಕೆಡುತ್ತದೆ. ಹೊಸ ಇಂಟರ್ನ್‌ಗಳು ಮಾಡುವ ತಪ್ಪುಗಳಲ್ಲಿ ಇದು ಸಾಮಾನ್ಯ. ಟ್ಯೂಬಿನ ಮೇಲೆ ಹೆಸರಷ್ಟೇ ಸಾಲದು, ಐಪಿಡಿ (ಒಳರೋಗಿ) ನಂಬರ್ ಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಮಲ್ಲಮ್ಮ ಇರುವುದು ನಮ್ಮವರಲ್ಲಿ ಅಪರೂಪವಲ್ಲ.

ಬ್ಲಡ್ ಬ್ಯಾಂಕಿನಿಂದ ಚೀಲ ತಂದರೆ ದಾರಿಯಲ್ಲಿ ಕ್ಯಾಂಟೀನಿಗೆ ಹೋಗಬೇಡಿ. ಫ್ರಿಜ್‌ನಿಂದ ಹೊರಬಂದ 30 ನಿಮಿಷದೊಳಗೆ ಏರಿಸಲು ಶುರು ಮಾಡಬೇಕು, 4 ಗಂಟೆಯೊಳಗೆ ಮುಗಿಸಬೇಕು. ಬೇಗ ಬೆಚ್ಚಗಾಗಲೆಂದು ಬಿಸಿನೀರಿನಲ್ಲಿ ಅದ್ದುವುದಂತೂ ಕೂಡದು.

ನರ್ಸಿಂಗ್ ಬಗ್ಗೆ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗೆ ಒಬ್ಬ ನರ್ಸ್ ಇರಬೇಕೆಂದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ನೆಲದ ಮೇಲೂ ಗಾದಿ ಹಾಕಿರುವ ವಾರ್ಡಿಗೆ ಕಾಲಿಟ್ಟವರಿಗೆ ಆ ಲೆಕ್ಕ ನಗು ತರಿಸುತ್ತದೆ. ಆದರೂ ಏನು ಸಾಧ್ಯ ಎಂಬುದಕ್ಕೆ ಕೆಇಎಂನ 4ನೇ ವಾರ್ಡೇ ಸಾಕ್ಷಿ. ಹೊನ್ನಾವರದ ಬಳಿಯ ಹಳದೀಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನ ಹಲ್ಲೆಯ ನಂತರ 2015ರ ಮೇ ತನಕ ಹಾಸಿಗೆಯಲ್ಲೇ ಇದ್ದರು. ಅಷ್ಟು ವರ್ಷವೂ ನೋಡಿಕೊಂಡದ್ದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅವರನ್ನು ಒಪ್ಪಿಸುತ್ತ ಬಂದ ನರ್ಸುಗಳು. ಅರುಣಾ ಅವರ ಮೈಯಲ್ಲಿ ಒಂದೂ ಬೆಡ್‌ಸೋರ್ (ಮಲಗಿಯೇ ಇರುವವರಿಗೆ ಆಗುವ ಹುಣ್ಣು) ಆಗಿಲ್ಲವೆಂಬ ಮಾತು, ಅವರಿಗೆ ದಯಾಮರಣ ಕೋರಿದ ಅರ್ಜಿಯ ಮೇಲಿನ 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಬಂತು.

ಬೆಡ್‌ಸೋರ್ ತಡೆಯುವುದರಲ್ಲಿ ಗುಟ್ಟೇನಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅಂಗಾತ, ಎಡ, ಬಲ. ಎತ್ತಿ ಸರಿಸಬೇಕು, ಎಳೆಯಬಾರದು. ಎಳೆದರೆ ಚರ್ಮದಡಿಯ ರಕ್ತನಾಳ ಹರಿಯುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಮೀನಖಂಡದ ಕೆಳಗೆ ದಿಂಬು ಇಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ. ಅಲ್ಲಿ ಎಣ್ಣೆ ಹಾಕಿ ತಿಕ್ಕುವುದು ಪ್ರೀತಿಯಿಂದ ಮಾಡುವ ಹಾನಿ.

ಬಯಾಪ್ಸಿಯ (ಪರೀಕ್ಷೆಗೆಂದು ಮೈಯಿಂದ ತೆಗೆದ ತುಣುಕಿನ) ಡಬ್ಬಿಯೂ ಎಷ್ಟೋ ಸಲ ಮನೆಯವರ ಕೈಗೇ ಬರುತ್ತದೆ. ತುಣುಕು ಕೊಳೆಯದಂತೆ ಕಾಪಾಡುವ 10 ಪ್ರತಿಶತ ಫಾರ್ಮಲಿನ್ ದ್ರವದಲ್ಲಿರಬೇಕು, ದ್ರವ ತುಣುಕಿನ ಹತ್ತರಷ್ಟಿರಬೇಕು. ಸಲೈನ್‌ನಲ್ಲಿ ಇಟ್ಟರೆ ಸಂಜೆಯೊಳಗೆ ಕೊಳೆಯಲು ಹತ್ತುತ್ತದೆ. ಟಿಬಿ ಕಲ್ಚರ್‌ಗೆ ಕಳಿಸುವ ತುಣುಕಿಗೆ ಇದೇ ಫಾರ್ಮಲಿನ್ ವಿಷ, ರೋಗಾಣು ಸತ್ತು ಏನೂ ಬೆಳೆಯುವುದಿಲ್ಲ. ಎರಡು ಡಬ್ಬಿ ಕೊಟ್ಟರೆ ಯಾವುದು ಎಲ್ಲಿಗೆ ಎಂದು ಅಲ್ಲೇ ಬರೆಸಿಕೊಳ್ಳಿ. ರಿಪೋರ್ಟ್ ಬರುವುದು ಡಿಸ್ಚಾರ್ಜ್ ಆಗಿ ಎಷ್ಟೋ ದಿನಕ್ಕೆ. ಅಷ್ಟರಲ್ಲಿ ಇಂಟರ್ನ್ ಬದಲಾಗಿರುತ್ತಾನೆ, ನೀವು ಊರಲ್ಲಿರುತ್ತೀರಿ. ಕ್ಯಾನ್ಸರ್ ಅಂತ ಬಂದ ಕಾಗದ ತೆಗೆದುಕೊಳ್ಳುವವರಿಲ್ಲದೆ ಕಪಾಟಿನಲ್ಲಿ ಉಳಿಯುವುದು ಹೀಗೆ. ಟಾಟಾಕ್ಕೆ ಹೋಗುವುದಾದರೆ ರಿಪೋರ್ಟ್ ಮಾತ್ರ ಸಾಲದು, ಸ್ಲೈಡ್ (ತುಣುಕಿನ ತೆಳು ಪದರ ಅಂಟಿಸಿದ ಗಾಜು) ಮತ್ತು ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಎರಡನ್ನೂ ಪೆಥಾಲಜಿಯಲ್ಲಿ ಅರ್ಜಿ ಕೊಟ್ಟು ಪಡೆದಿರಿ, ಅಲ್ಲಿ ಮತ್ತೊಮ್ಮೆ ನೋಡುತ್ತಾರೆ.

ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದಾಗ ವಾರ್ಡ್ ಬಿಡುವ ಮುಂಚೆಯೇ ಓದಿಸಿ. ರೋಗದ ಹೆಸರು, ಆಪರೇಷನ್ ತಾರೀಖು, ಒಳಗೆ ಪ್ಲೇಟ್ ಅಥವಾ ಸ್ಟೆಂಟ್ ಹಾಕಿದ್ದರೆ ಅದರ ವಿವರ, ಪ್ರತಿ ಮಾತ್ರೆ ಎಷ್ಟು ದಿನ, ಬಾಕಿ ಇರುವ ರಿಪೋರ್ಟ್, ಯೂನಿಟ್, ಓಪಿಡಿ ದಿನ. ಮೂತ್ರನಾಳದ ಸ್ಟೆಂಟ್ ಇದ್ದರೆ ಅದನ್ನು ತೆಗೆಯುವ ತಾರೀಖು ಕೆಂಪು ಶಾಯಿಯಲ್ಲಿ. ಅದು ಸಾಮಾನ್ಯವಾಗಿ ಕೆಲವೇ ವಾರ ಇರಬೇಕಾದ ವಸ್ತು, ಮರೆತರೆ ಒಳಗೇ ಕಲ್ಲು ಕಟ್ಟುತ್ತದೆ. ಬರಹೇಳಿದ ದಿನ ಗಣಪತಿ ಹಬ್ಬದ ರಜೆ ಬಿದ್ದರೆ ಮರುದಿನ ಹೋಗಬೇಡಿ. ಅದೇ ಯೂನಿಟ್ಟಿನ ಮುಂದಿನ ಓಪಿಡಿ ಯಾವ ದಿನ ಎಂದು ನೋಡಿಕೊಂಡು, ಅದಕ್ಕೆ ಸರಿಯಾಗಿ ರೈಲಿನ ಟಿಕೆಟ್ ತೆಗೆಸಿ.