ಮಗು ಎಷ್ಟು ಮಾತಾಡುತ್ತೆ ಅಂತ ನಾನು ಮೊದಲು ಕೇಳುವುದಿಲ್ಲ

ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೇನೆ. ಎರಡು ವರ್ಷ ಆದರೂ ಮಾತು ಬಂದಿಲ್ಲ ಅಂತ ಮಗುವನ್ನು ಎತ್ತಿಕೊಂಡು ಬರುವವರಲ್ಲಿ ಮಂಡ್ಯ, ಪಾಂಡವಪುರ ಕಡೆಯವರೂ ಇರುತ್ತಾರೆ. ‘ಮಗು ಎಷ್ಟು ಮಾತಾಡುತ್ತೆ?’ ಅಂದರೆ ಬರುವ ಉತ್ತರ ಎರಡೇ. ‘ಏನೂ ಇಲ್ಲ’, ಇಲ್ಲವೇ ‘ಎಲ್ಲಾ ಮಾತಾಡುತ್ತೆ’. ಅದಕ್ಕೇ ‘ನೀರು ಬೇಕಾದಾಗ ಏನು ಮಾಡುತ್ತೆ?’ ಅಂತ ಶುರು ಮಾಡುತ್ತೇನೆ.

ಆಗ ಬಾಯಿ ಬಿಡುತ್ತಾರೆ, ಒಬ್ಬೊಬ್ಬರದು ಒಂದೊಂದು ಉತ್ತರ. ಲೋಟ ತೋರಿಸಿ ಅಮ್ಮನ ಮುಖ ನೋಡುತ್ತೆ. ‘ನೀ’ ಅನ್ನುತ್ತೆ. ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ಫಿಲ್ಟರ್ ಮೇಲಿಡುತ್ತೆ, ಮುಖ ಮಾತ್ರ ನೋಡಲ್ಲ. ಸುಮ್ನೆ ಅಳುತ್ತೆ. ಇವೆಲ್ಲ ಒಂದೇ ಅಲ್ಲ. ಬೆರಳು ತೋರಿಸಿ ಮುಖ ನೋಡುವ ಮಗುವಿಗೆ ಮಾತು ಹತ್ತಿರದಲ್ಲೇ ಇದೆ. ಮುಖ ನೋಡದೆ ಕೈಯನ್ನಷ್ಟೇ ಎಳೆಯುವ ಮಗುವನ್ನು ನಾನು ಜಾಸ್ತಿ ಹೊತ್ತು ಗಮನಿಸುತ್ತೇನೆ.

ಲೆಕ್ಕವೂ ಇದೆ. ವರ್ಷ ತುಂಬುವಾಗ ಒಂದೆರಡು ಪದ, 18 ತಿಂಗಳಿಗೆ ಹತ್ತಾದರೂ, ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ‘ಅಮ್ಮ ಬಾ’, ‘ಹಾಲು ಬೇಡ’ ಅಂತ ಎರಡು ಪದ ಕೂಡಿಸುವುದು. ‘ಬೌಬೌ’ ಕೂಡ ಪದವೇ, ಲೆಕ್ಕದಿಂದ ಬಿಡಬೇಡಿ. ಸ್ವಲ್ಪ ಹಿಂದೆ ಮುಂದೆ ಆಗುತ್ತೆ. ಆದರೆ ಎರಡು ವರ್ಷ ಆದರೂ ಪದ ಕೂಡಿಸದಿದ್ದರೆ ತೋರಿಸಿಬಿಡಿ. ‘ಅವರಪ್ಪನಿಗೂ ಮಾತು ತಡ’ ಅಂತ ಕಾಯುವುದು ಬೇಡ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದ ಮಾತು ಬರುವುದಿಲ್ಲ.

ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದಿದ್ದರು. ‘ಎಲ್ಲಾ ಅರ್ಥ ಆಯ್ತದೆ ಕಣವ್ವ, ಮಾತೊಂದ್ ಬರಾಕಿಲ್ಲ’ ಅಂದರು. ನನಗೆ ತೋರಿಸಲೆಂದು ‘ಮಗಾ, ಚಪ್ಪಲಿ ತಕಂಬಾ’ ಅಂದರು. ಹುಡುಗ ಓಡಿಹೋಗಿ ತಂದ. ಆದರೆ ಹೇಳುವಾಗ ಅಜ್ಜಿಯ ಕೈ ಬಾಗಿಲ ಕಡೆ ಹೋಗಿತ್ತು, ಕಣ್ಣೂ ಅಲ್ಲೇ ಇತ್ತು. ‘ಅಜ್ಜಿ, ಈಗ ಕೈ ಕಟ್ಕೊಂಡು, ನನ್ನನ್ನೇ ನೋಡ್ತಾ ಚೆಂಡು ತರೋಕೆ ಹೇಳಿ’ ಅಂದೆ. ಚೆಂಡು ಅವನ ಪಕ್ಕದಲ್ಲೇ ಇತ್ತು. ಅವನು ಅಜ್ಜಿಯ ಮುಖ ನೋಡಿದ, ನನ್ನ ಮುಖ ನೋಡಿದ, ಇನ್ನೊಂದು ಚಪ್ಪಲಿ ತಂದುಕೊಟ್ಟ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕಿವಿ ಪರೀಕ್ಷೆಗೆ ಬರೆದುಕೊಟ್ಟೆ. ‘ತಟ್ಟೆ ಬಿದ್ರೆ ತಿರುಗಿ ನೋಡ್ತಾನಲ್ಲ!’ ಅಂತ ಅಜ್ಜಿಗೆ ಸಿಟ್ಟು. ತಟ್ಟೆಯ ಸದ್ದು ಕೇಳಿದ ಕಿವಿಗೆ ‘ಸ’, ‘ಚ’ ಕೇಳಬೇಕೆಂದೇನಿಲ್ಲ ಅಲ್ವಾ? ಕಿವುಡು ಇರುವ ಮಕ್ಕಳೂ ಮೊದಲ ಕೆಲವು ತಿಂಗಳು ಸದ್ದು ಮಾಡುತ್ತವೆ, ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತರೂ ಮಾತು ಮಸುಕಾಗಿ ಕೇಳಿಸುತ್ತದೆ. ನಿದ್ದೆಯಲ್ಲಿರುವ ಮಗುವಿಗೆ ಸದ್ದು ಕೇಳಿಸಿ ಕಿವಿ ಎಷ್ಟು ಕೇಳುತ್ತೆ ಅಂತ ನೋಡುವ ಬೇರಾ ಟೆಸ್ಟ್‌ನಲ್ಲಿ ಆ ಹುಡುಗನ ಎರಡೂ ಕಿವಿ ಮಂದ ಅಂತ ಗೊತ್ತಾಯಿತು. ಈಗ ಕಿವಿಗೆ ಕೇಳುವ ಮಿಷನ್ ಹಾಕಿಕೊಂಡು ಥೆರಪಿಗೆ ಬರುತ್ತಾನೆ.

ತೋರಿಸಲು ಬರುವಾಗ ಮನೆಯಲ್ಲಿ ಆಡುವಾಗಿನ ವಿಡಿಯೊ ಒಂದು ತನ್ನಿ. ಹೊಸ ಜಾಗದಲ್ಲಿ ವಾಚಾಳಿ ಮಕ್ಕಳೂ ಗಪ್‌ಚುಪ್. ವಿಡಿಯೊ ಮಾಡುವಾಗ ಮಾತ್ರ ‘ಅಪ್ಪ ಅನ್ನು ಪುಟ್ಟ, ಅಮ್ಮ ಅನ್ನು’ ಅಂತ ಪೀಡಿಸಬೇಡಿ. ನನಗೆ ಕೇಳಿಸುವುದೆಲ್ಲ ನಿಮ್ಮ ದನಿಯೇ ಆಗಿಬಿಡುತ್ತದೆ.