ಕೂರ್ಮಗಡಕ್ಕೆ ಹಕ್ಕಿ ನೋಡಲು ಹೋಗುವವರಿಗೆ

ಶಿರಸಿಯಿಂದ ನಸುಕಿನಲ್ಲೇ ಹೊರಟರೂ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಆದ್ದರಿಂದ ಹಿಂದಿನ ಸಂಜೆಯೇ ಬಂದು ಉಳಿಯುವುದು ಲೇಸು. ಕಾರವಾರದ ಎದುರಿನ ಕೂರ್ಮಗಡ ದ್ವೀಪಕ್ಕೆ ದೋಣಿ ಹತ್ತುವ ಮುನ್ನ ಕಾಳಿ ನದಿಯ ಅಳಿವೆಯಲ್ಲಿ ಒಂದು ತಾಸು ಕಳೆದು, ಕಾಂಡ್ಲಾ ಗಿಡಗಳಲ್ಲೂ ಗಾಳಿಮರಗಳಲ್ಲೂ ಕಂಡ ಹಕ್ಕಿಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಕೈಯಲ್ಲಿಲ್ಲದಿದ್ದರೆ ದ್ವೀಪದಲ್ಲಿ ಯಾವ ಹಕ್ಕಿ ಇಲ್ಲ ಎಂಬುದು ಗಮನಕ್ಕೇ ಬರುವುದಿಲ್ಲ.

ದ್ವೀಪವೊಂದರಲ್ಲಿ ಎಷ್ಟು ಜಾತಿಯ ಹಕ್ಕಿಗಳಿರುತ್ತವೆ ಎಂಬುದು ಹೊಸ ಜಾತಿಗಳು ಬಂದು ನೆಲೆಸುವ ವೇಗವನ್ನೂ ಇದ್ದವು ಅಳಿಯುವ ವೇಗವನ್ನೂ ಅವಲಂಬಿಸಿದೆ ಎಂದು ಜೀವವಿಜ್ಞಾನಿಗಳಾದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1960ರ ದಶಕದಲ್ಲಿ ವಿವರಿಸಿದರು. ದಡ ದೂರವಾದಷ್ಟೂ ಬರುವವು ಕಡಿಮೆ. ನೆಲ ಕಿರಿದಾದಷ್ಟೂ ಅಳಿಯುವವು ಹೆಚ್ಚು. ವಿಸ್ತೀರ್ಣ 10 ಪಟ್ಟಾದರೆ ಜಾತಿಗಳು ಸರಿಸುಮಾರು ಇಮ್ಮಡಿಯಾಗುತ್ತವೆ ಎಂಬ ಲೆಕ್ಕವೂ ಉಂಟು. ಕೂರ್ಮಗಡ ದಡಕ್ಕೆ ಕಾಣುವಷ್ಟು ಹತ್ತಿರವಿರುವುದರಿಂದ ಅಲ್ಲಿ ದೂರಕ್ಕಿಂತ ಕಿರಿದಾದ ನೆಲವೇ ದೊಡ್ಡ ಅಡ್ಡಿ ಎಂಬುದು ನನ್ನ ಅನಿಸಿಕೆ. ನಮ್ಮ ಶಿರಸಿಯ ಬೆಟ್ಟಗಳಲ್ಲಿ ಕಾಣುವ ಮಂಗಟ್ಟೆ ಹಕ್ಕಿಗೆ ವರ್ಷವಿಡೀ ಹಣ್ಣೂ ಗೂಡಿಗೆ ಪೊಟರೆಯುಳ್ಳ ಹೆಮ್ಮರವೂ ಬೇಕು. ಪಿಕಳಾರಕ್ಕಾದರೆ ನಾಲ್ಕು ಪೊದೆಗಳಿದ್ದರೂ ಸಂಸಾರ ಸಾಗುತ್ತದೆ.

ಕಡಲನ್ನೇ ನಂಬಿದ ಹಕ್ಕಿಗಳಿಗೆ ಈ ಲೆಕ್ಕ ತಾಗುವುದಿಲ್ಲ. ಬಂಡೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದೊಂದು ಕಾಲಡಿಯಲ್ಲಿ ಹಗ್ಗದ ತುಂಡಿನಂಥದ್ದನ್ನು ಒತ್ತಿ ಹಿಡಿದು ಕುಳಿತಿತ್ತು. ದುರ್ಬೀನಿನಲ್ಲಿ ನೋಡಿದರೆ ಅದು ಪಟ್ಟೆಪಟ್ಟೆಯ ಕಡಲ ಹಾವು, ಬಾಲದ ತುದಿ ಹುಟ್ಟಿನಂತೆ ಚಪ್ಪಟೆ. ಕೂರಲು, ಗೂಡು ಕಟ್ಟಲು ದ್ವೀಪ, ಉಣ್ಣಲು ಇಡೀ ಸಮುದ್ರ! ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲೂ ಈ ಹದ್ದುಗಳು ಗೂಡು ಕಟ್ಟುತ್ತವೆ. ಅಲ್ಲಿಗೆ ಹೋದವರು ದೋಣಿಯಿಂದಲೇ ನೋಡಿ ತೃಪ್ತಿಪಡಬೇಕು.

ಮಳೆಗಾಲದಲ್ಲಿ ದೋಣಿಗಳಿರುವುದಿಲ್ಲ. ಕೂರ್ಮಗಡದ ನರಸಿಂಹ ದೇವರ ಜಾತ್ರೆಯ ದಿನ ಹೋದರೆ ಜನರನ್ನು ನೋಡಬಹುದೇ ಹೊರತು ಹಕ್ಕಿಗಳನ್ನಲ್ಲ. ಹನ್ನೊಂದಕ್ಕೆ ಬರುತ್ತೇನೆಂದಿದ್ದ ನಮ್ಮ ದೋಣಿ ಒಂದಕ್ಕೆ ಬಂತು, ಅಷ್ಟರಲ್ಲಿ ನೀರೂ ಮುಗಿದಿತ್ತು. ತಲೆಗೆರಡು ಲೀಟರ್ ನೀರು ಒಯ್ಯಿರಿ, ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ನಮ್ಮ ದ್ವೀಪದ ಪಟ್ಟಿ ಅಳಿವೆಯ ಪಟ್ಟಿಯ ಅರ್ಧಕ್ಕೂ ಬರಲಿಲ್ಲ. ಒಂದು ದಿನ ಕಾಣದ ಹಕ್ಕಿ ಅಲ್ಲಿಲ್ಲವೆಂದು ಹೇಳಲಾಗದಾದ್ದರಿಂದ, ವಲಸೆ ಹಕ್ಕಿಗಳಿರುವ ಡಿಸೆಂಬರಿನಲ್ಲಿ ಒಮ್ಮೆ, ಅವು ಮರಳಿದ ಮೇಲೆ ಮೇ ಮೊದಲ ವಾರದಲ್ಲಿ ಇನ್ನೊಮ್ಮೆ ಹೋಗುವಂತೆ ಯೋಜಿಸಿಕೊಳ್ಳಿ.