ಟೈರ್ ರೇಟ್ ಕೇಳುವ ಮುಂಚೆ ಕಾರಿನ ಡೋರ್ ತೆಗೆದು ನೋಡಿ

ಕುಶಾಲನಗರದ ಒಂದು ಟೈರ್ ಅಂಗಡಿಯಲ್ಲಿ ಬಿಲ್ಲಿಂಗ್ ನನ್ನ ಕೆಲಸ. ಹೆಸರಿಗಷ್ಟೇ ಬಿಲ್ಲಿಂಗ್. ಫೋನ್ ತೆಗೆಯುವುದು, ಸ್ಟಾಕ್ ನೋಡುವುದು, ಮೈಸೂರಿಗೆ ಆರ್ಡರ್ ಹಾಕುವುದು, "ಓನರ್ ಇಲ್ವಾ ಮೇಡಂ?" ಅಂತ ಹುಡುಕುವವರನ್ನು ಕೂರಿಸಿ ನಾನೇ ಟೈರ್ ತೋರಿಸುವುದು, ಎಲ್ಲಾ ಅದರಲ್ಲೇ ಬರುತ್ತದೆ. ಫೋನ್ ಮಾಡುವವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: "ವ್ಯಾಗನ್ ಆರ್‌ಗೆ ಟೈರ್ ಎಷ್ಟು?"

ಇದಕ್ಕೆ ಏನಂತ ಉತ್ತರ ಹೇಳುವುದು? ವ್ಯಾಗನ್ ಆರ್‌ನಲ್ಲೇ 13 ಇಂಚಿನ ಚಕ್ರದ್ದೂ ಇದೆ, 14 ಇಂಚಿನದ್ದೂ ಇದೆ. ಹಾಗಾಗಿ ನಾನು ರೇಟ್ ಹೇಳುವುದಿಲ್ಲ. "ಡ್ರೈವರ್ ಡೋರ್ ತೆಗೀರಿ, ಪಕ್ಕದ ಕಂಬದ ಮೇಲೆ ಸ್ಟಿಕರ್ ಇರುತ್ತೆ, ಫೋಟೋ ತೆಗೆದು ವಾಟ್ಸಾಪ್ ಮಾಡಿ" ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ರೇಟ್ ಕೇಳಿದ್ರೆ ಫೋಟೋ ಕೇಳ್ತಾರಲ್ಲ ಅಂತ. ಆದರೆ ಆ ಸ್ಟಿಕರಿನಲ್ಲಿ ಟೈರಿನ ಸೈಜ್ ಇರುತ್ತದೆ, ಹಾಕಬೇಕಾದ ಗಾಳಿ ಎಷ್ಟು ಅಂತಲೂ ಇರುತ್ತದೆ. ಟೈರಿನ ಮೈಮೇಲೆ ಬರೆದಿರುವ ಗಾಳಿಯ ಲೆಕ್ಕ ಆ ಟೈರ್ ತಡೆಯುವ ಗರಿಷ್ಠ ಮಾತ್ರ. ಅದನ್ನು ನೋಡಿ ಗಾಳಿ ತುಂಬಿಸುವವರು ಇವತ್ತಿಗೂ ಬೇಕಾದಷ್ಟು ಜನ ಇದ್ದಾರೆ.

ಉದಾಹರಣೆಗೆ 155/80 ಆರ್13 79ಎಸ್ ಅಂತ ಇದೆ ಅಂದುಕೊಳ್ಳಿ. 155 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 80 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ 80 ಪರ್ಸೆಂಟ್. 13 ರಿಮ್ಮಿನ ಇಂಚು. ಇಷ್ಟು ಎಲ್ಲರಿಗೂ ಗೊತ್ತು. ಕೊನೆಯ 79ಎಸ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. 79 ಅಂದರೆ ಒಂದು ಟೈರ್ 437 ಕೆಜಿ ಹೊರಬಲ್ಲದು. ಎಸ್ ಅಂದರೆ 180 ಕಿಲೋಮೀಟರ್ ವೇಗದವರೆಗೆ. ಟಿ ಇದ್ದರೆ 190, ಎಚ್ ಇದ್ದರೆ 210.

"ಸಂಪಾಜೆ ಘಾಟಿಲಿ 40 ದಾಟೋದೇ ಕಷ್ಟ, ನಮಗೆ ಎಚ್ ಯಾಕೆ ಮಾರಾಯ್ರೆ?" ಅಂತ ಒಬ್ಬರು ಕೇಳಿದ್ದರು. ಮಾತು ನ್ಯಾಯವಾದದ್ದೇ. ಆದರೆ ಈ ಅಕ್ಷರ ಅಷ್ಟು ಸ್ಪೀಡಲ್ಲಿ ಹೋಗಿ ಅಂತ ಹೇಳುವುದಲ್ಲ. ಭಾರ ಹೊತ್ತು ಓಡುವಾಗ ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದರ ಅಳತೆ ಅದು. ಕಾರ್ ಕಂಪನಿ ಎಚ್ ಕೊಟ್ಟಿದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಎಸ್ ಕೊಟ್ಟಿದ್ದರೆ ಎಚ್‌ಗೆ ಅಂತ ಜಾಸ್ತಿ ದುಡ್ಡು ಸುರಿಯುವ ಅಗತ್ಯವೂ ಇಲ್ಲ.

ನಮ್ಮ ಕಡೆ ನಿಜವಾದ ತಲೆನೋವು ವೇಗದ್ದಲ್ಲ, ಭಾರದ್ದು. ಓಮ್ನಿ ತಯಾರಿಕೆ 2019ಕ್ಕೇ ನಿಂತಿತು, ಆದರೆ ತೋಟದ ದಾರಿಯಲ್ಲಿ ಅದರ ಓಡಾಟ ನಿಂತಿಲ್ಲ. ಬೆಳಿಗ್ಗೆ ಕೆಲಸದವರು, ಸಂಜೆ ಕಾಫಿ ಮೂಟೆ. ಓಮ್ನಿಯದ್ದೂ 12 ಇಂಚಿನ ಚಕ್ರ, ಹಳೇ ಆಲ್ಟೋದ್ದೂ 12 ಇಂಚು. ಅಗಲವೂ ಅದೇ 145. ಆಲ್ಟೋ ಟೈರ್ ಕಮ್ಮಿಗೆ ಸಿಗುತ್ತದೆ, ಓಮ್ನಿಗೆ ಹಾಕಿದರೆ ಸಲೀಸಾಗಿ ಕೂರುತ್ತದೆ. ಆದರೆ ಓಮ್ನಿಗೆ ಬರುವುದು ಎಲ್‌ಟಿ ಅಂತ ಬರೆದಿರುವ, 6 ಪಿಆರ್ ಅಥವಾ 8 ಪಿಆರ್ ಟೈರ್. ಸಾಮಾನು ಹೊರಲಿಕ್ಕೆ ಅಂತಲೇ ಮಾಡಿದ್ದು. ಎಲ್‌ಟಿ ಅಂದರೆ ಲೈಟ್ ಟ್ರಕ್. ಪಿಆರ್ ಅಂದರೆ ಪ್ಲೈ ರೇಟಿಂಗ್, ಆ ಅಂಕಿ ದೊಡ್ಡದಿದ್ದಷ್ಟೂ ಟೈರ್ ಗಟ್ಟಿ. ಆಲ್ಟೋದ 74 ನಂಬರಿನ ಟೈರ್ ಹೊರುವುದು 375 ಕೆಜಿ. 50 ಕೆಜಿಯ ಮೂಟೆಗಳನ್ನು ಹಿಂದೆ ಪೇರಿಸಿ ಏರು ಹತ್ತಿಸಿದರೆ ಆ ಟೈರಿನ ಗೋಡೆ ಹೊರಗೆ ಉಬ್ಬಿಕೊಂಡು ಬಿಸಿಯಾಗುತ್ತದೆ. ಹಾಗೆ ಓಡಿದ ಒಂದು ಟೈರನ್ನು ರಿಮ್ಮಿನಿಂದ ಬಿಚ್ಚಿದಾಗ ನೋಡಿದ್ದೇನೆ. ಒಳಗೆ ಸುತ್ತಲೂ ಕಪ್ಪು ಪುಡಿ, ಗೋಡೆಯ ರಬ್ಬರ್ ಉಜ್ಜಿ ಉಜ್ಜಿ ದಾರ ಕಾಣುತ್ತಿತ್ತು. ಹೊರಗಿನಿಂದ ನೋಡಿದರೆ ಗ್ರಿಪ್ ಅರ್ಧಕ್ಕರ್ಧ ಹಾಗೇ ಇತ್ತು! ನಮ್ಮ ಫಿಟ್ಟರ್ ಹುಡುಗ ಆ ಪುಡಿಯನ್ನು ಕೈಯಲ್ಲಿ ಹಿಡಿದು ಓಮ್ನಿಯವರಿಗೆ ತೋರಿಸಿದ. ನಾನು ಬೇರೆ ಏನೂ ಹೇಳಬೇಕಾಗಲಿಲ್ಲ.

ಇನ್ನು ತಾರೀಖು. ಟೈರಿನ ಗೋಡೆ ಮೇಲೆ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3524 ಅಂತ ಇದ್ದರೆ 2024ರ 35ನೇ ವಾರ ತಯಾರಾದದ್ದು. ಒಂದು ಪಕ್ಕದಲ್ಲಿ ಮಾತ್ರ ಇರಬಹುದು, ತಿರುಗಿಸಿ ನೋಡಿ. ಜಾಸ್ತಿ ಓಡುವ ಸೈಜಿಗೆ ಹೊಸ ಸ್ಟಾಕ್ ಬರುತ್ತಲೇ ಇರುತ್ತದೆ. ಅಪರೂಪದ ಸೈಜ್ ಮೂಲೆಯಲ್ಲಿ ಕೂತಿರುತ್ತದೆ. ಬಿಸಿಲು ಬೀಳದ ಕಡೆ ಇಟ್ಟಿದ್ದ ಒಂದು ವರ್ಷದ ಟೈರಿಗೆ ಏನೂ ಆಗಿರುವುದಿಲ್ಲ. ನಾನಾದರೆ ಧೈರ್ಯವಾಗಿ ತಗೊಳ್ಳುತ್ತೇನೆ, ಆದರೆ ತಾರೀಖು ತೋರಿಸಿ ರೇಟ್ ಇಳಿಸಿಕೊಂಡೇ ತಗೊಳ್ಳುತ್ತೇನೆ. ಅಂಗಡಿಯವಳಾಗಿ ಇದನ್ನು ಹೇಳಬಾರದೇನೋ! ಮೂರು ನಾಲ್ಕು ವರ್ಷ ಹಳೇದನ್ನು "ಹೊಸದು" ಅಂತ ಕೊಟ್ಟರೆ ಮಾತ್ರ ಬೇಡ ಅನ್ನಿ.

ಎಲ್ಲಿ ತಗೊಂಡರೆ ಕಮ್ಮಿ ಬೀಳುತ್ತದೆ? ಮೈಸೂರಿನಲ್ಲಿ ಅಂಗಡಿ ಜಾಸ್ತಿ, ಪೈಪೋಟಿಯೂ ಜಾಸ್ತಿ, ಒಂದು ಟೈರಿಗೆ ನೂರಿನ್ನೂರು ಕಮ್ಮಿಗೆ ಸಿಗುವುದು ನಿಜ. ಹಿಂದಿನ ವಿಕ್ರಾಂತ್, ಈಗಿನ ಜೆಕೆ ಫ್ಯಾಕ್ಟರಿ ಅಲ್ಲೇ ಇದೆ ಅಂತ ಅಗ್ಗ ಅಂದುಕೊಳ್ಳುವವರಿದ್ದಾರೆ. ಫ್ಯಾಕ್ಟರಿ ಊರಲ್ಲಿದೆ ಅಂತ ಯಾರೂ ರೇಟ್ ಇಳಿಸುವುದಿಲ್ಲ. ಕುಶಾಲನಗರದಿಂದ ಹೋಗಿ ಬರಲು 170 ಕಿಲೋಮೀಟರ್ ದಾಟುತ್ತದೆ, ಪೆಟ್ರೋಲಿಗೇ ಸಾವಿರ ರೂಪಾಯಿ ಹತ್ತಿರ ಹತ್ತಿರ. ಬೇರೆ ಕೆಲಸಕ್ಕೆ ಹೇಗೂ ಹೋಗುವುದಿದ್ದರೆ ಅಲ್ಲೇ ತಗೊಳ್ಳಿ, ನಮಗೇನೂ ಬೇಜಾರಿಲ್ಲ. ಅದಕ್ಕೇ ಅಂತ ಹೋಗಬೇಡಿ. ಆನ್‌ಲೈನಿನಲ್ಲಿ ಹಬ್ಬದ ಆಫರ್ ಇದ್ದಾಗ ಒಳ್ಳೆ ರೇಟ್ ಸಿಗುತ್ತದೆ. ಆದರೆ ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಎಲ್ಲಾ ಬೇರೆ. ಡಬ್ಬಿ ಬಂದ ಮೇಲೇ ತಾರೀಖು ಗೊತ್ತಾಗುವುದು. ವಾಪಸ್ ತಗೊಳ್ಳುತ್ತಾರಾ ಅಂತ ಮೊದಲೇ ಓದಿಕೊಳ್ಳಿ. ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆ ಎಲ್ಲಿ ಕೇಳಿದರೂ ಒಂದೇ ಥರ ಕೇಳಿ: ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿಸಿ, ಹಳೇ ಟೈರಿನ ದುಡ್ಡು ಕಳೆದು ಒಟ್ಟು ಎಷ್ಟು?

2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ 28 ಪರ್ಸೆಂಟಿನಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 3,000 ರೂಪಾಯಿಯ ಟೈರ್ ಮೊದಲು 3,840 ಆಗುತ್ತಿತ್ತು, ಈಗ 3,540. ಹೀಗಿರುವಾಗ "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀವಿ" ಅನ್ನುವವರ ಹತ್ತಿರ ಹೋಗುವುದರಲ್ಲಿ ಅರ್ಥವಿಲ್ಲ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲಿಕ್ಕೂ ಆಗುವುದಿಲ್ಲ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಐಎಸ್‌ಐ ಗುರುತು ಇದೆಯಾ ನೋಡಿ. ವಿದೇಶದ ಟೈರ್ ಆದರೂ ಅದಿಲ್ಲದೆ ಇಲ್ಲಿ ಮಾರುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಟೈರ್ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಒಂದನ್ನು ಮಾತ್ರ ಒಪ್ಪುತ್ತೇನೆ. ಹೊಸ ಕಾರು ತಗೊಂಡವರು ದೊಡ್ಡ ಅಲಾಯ್ ಚಕ್ರ ಹಾಕಿಸಿ, ಕಂಪನಿಯಿಂದ ಬಂದ ಟೈರನ್ನು ಅಲ್ಲೇ ಬಿಟ್ಟು ಹೋಗಿರುತ್ತಾರೆ. ಹೆಚ್ಚು ಓಡಿರುವುದಿಲ್ಲ. ಅದನ್ನೂ ರಿಮ್ಮಿಗೆ ಕೂರಿಸುವ ಮುಂಚೆ ಒಳಗೆ ಕೈಯಾಡಿಸಿ, ಪಂಚರ್ ಹಾಕಿದ ಗುರುತು, ಉಬ್ಬು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗೋಡೆ ಕುಯ್ದಿದ್ದರೆ ಬೇಡವೇ ಬೇಡ. ತೋಟದ ಕಲ್ಲು, ಕೊರಡಿಗೆ ತಾಗಿ ಗೋಡೆ ಹರಿದ ಟೈರುಗಳು ನಮ್ಮಲ್ಲಿಗೆ ದಿನಾ ಬರುತ್ತವೆ, ಅದಕ್ಕೆ ಪ್ಯಾಚ್ ಹಾಕಿ ಓಡಿಸುವ ಹಾಗಿಲ್ಲ.

ಮಳೆಗೆ ಬರೋಣ. ಟೈರಿನ ಗೆರೆಗಳ ಒಳಗೆ ಅಲ್ಲಲ್ಲಿ ಚಿಕ್ಕ ಉಬ್ಬು ಇರುತ್ತದೆ. ರಬ್ಬರ್ ಸವೆದು ಅದರ ಮಟ್ಟಕ್ಕೆ ಬಂತು ಅಂದರೆ 1.6 ಮಿಲಿಮೀಟರ್ ಉಳಿದಿದೆ ಅಂತ. ಕಾನೂನಿನ ಲೆಕ್ಕದಲ್ಲಿ ಅಲ್ಲಿಯವರೆಗೆ ಓಡಿಸಬಹುದು. ಜೂನ್‌ನಲ್ಲಿ ಭಾಗಮಂಡಲಕ್ಕೋ ಮಾಕುಟ್ಟಕ್ಕೋ ಹೋಗುವವರಿಗೆ ನಾನು 3 ಮಿಲಿಮೀಟರಿಗೇ ಬದಲಿಸಿ ಅನ್ನುತ್ತೇನೆ. ನೀರು ಗೆರೆಯಲ್ಲಿ ಹರಿದು ಹೋಗಲು ಜಾಗ ಬೇಕು, ಅಲ್ವಾ? ಕೆಲವು ಟೈರ್ ಮೇಲೆ ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ಗುರುತು ಇರುತ್ತದೆ. ಒದ್ದೆ ರಸ್ತೆಯಲ್ಲಿ ನೇರ ಹೋಗುವಾಗ ಬ್ರೇಕ್ ಎಷ್ಟು ಹಿಡಿಯುತ್ತದೆ ಅನ್ನುವುದು ಅದು. ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದರೂ ಬಿ ಮತ್ತು ಎ ನಡುವೆ ಇನ್ನೂರು ರೂಪಾಯಿ ವ್ಯತ್ಯಾಸ ಇದ್ದರೆ ಎ ತಗೊಳ್ಳಿ. ಬೊಲೆರೊದವರು ಆಸೆಪಟ್ಟು ಕೇಳುವ ದಪ್ಪ ಬಟನ್ನಿನ ಮಡ್ ಟೈರ್ ಕೆಸರಿಗೆ ಚೆನ್ನ. ವಾರಕ್ಕೊಮ್ಮೆ ತೋಟ, ಉಳಿದ ದಿನ ಒದ್ದೆ ಟಾರ್ ಅನ್ನುವವರಿಗೆ ಕೆಸರು, ಟಾರ್ ಎರಡಕ್ಕೂ ಆಗುವ ಆಲ್ ಟೆರೇನ್ ಸಾಕು.

ಎರಡೇ ಟೈರ್ ಹಾಕಿಸುವವರ ಜೊತೆ ನನಗೆ ಮಾಮೂಲಿ ಒಂದು ಜಗಳ ಇದೆ. ನಾಪೋಕ್ಲು ಕಡೆಯ ಹಿರಿಯರೊಬ್ಬರು, "ಎಳೆಯೋದು ಮುಂದಿನ ಚಕ್ರ ತಾನೇ ಮಗಳೇ, ಹೊಸದು ಮುಂದಕ್ಕೆ ಹಾಕ್ಸು" ಅಂದರು.

"ಹಿಂದಕ್ಕೆ ಹಾಕ್ಸಿ ಅಂಕಲ್" ಅಂದೆ. ನೀರಿನಲ್ಲಿ ಮುಂದಿನದು ಜಾರಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಸಿಗುತ್ತದೆ. ಹಿಂದಿನದು ಜಾರಿದರೆ ಕಾರಿನ ಹಿಂಭಾಗವೇ ತಿರುವಿನ ಹೊರಗೆ ಬೀಸಿಕೊಂಡು ಹೋಗುತ್ತದೆ, ಸರಿಮಾಡಲು ಟೈಮೇ ಸಿಗುವುದಿಲ್ಲ. ಟೈರ್ ಕಂಪನಿಗಳೂ ಇದನ್ನೇ ಹೇಳುವುದು. ಅವರು ಅರ್ಧ ಒಪ್ಪಿದರು. "ಹಾಗಾದ್ರೆ ನಾಲ್ಕೂ ಹಾಕ್ಸೋಕೆ ನೋಡ್ತಿದ್ದೀಯಾ?" ಅಂತ ನಕ್ಕರು. ಇಲ್ಲ ಅಂತ ಎರಡಕ್ಕೇ ಬಿಲ್ ಹಾಕಿದೆ, ಹಿಂದಕ್ಕೇ ಹಾಕಿಸಿದೆವು.

ತಗೊಳ್ಳುವುದಿದ್ದರೆ ಕಾಫಿ ದುಡ್ಡು ಕೈಗೆ ಬಂದ ಮಾರ್ಚ್, ಏಪ್ರಿಲ್‌ನಲ್ಲೇ ಬನ್ನಿ. ಮೇ ಕೊನೆಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಆಗ ಬೇಕಾದ ಸೈಜ್ ಇರುವುದಿಲ್ಲ, ಚೌಕಾಸಿಯೂ ನಡೆಯುವುದಿಲ್ಲ. ಬರುವಾಗ ಡಿಕ್ಕಿ ತೆಗೆದು ಸ್ಟೆಪ್ನಿಯ ತಾರೀಖನ್ನೂ ಒಮ್ಮೆ ನೋಡಿಬಿಡಿ. ಒಂದು ದಿನವೂ ಓಡದೆ ಗೋಡೆಯೆಲ್ಲಾ ಬಿರುಕು ಬಿಟ್ಟ ಹತ್ತು ವರ್ಷದ ಸ್ಟೆಪ್ನಿಗಳು ಇಲ್ಲಿ ಬೇಕಾದಷ್ಟು ಬರುತ್ತವೆ.